ಸಿರಸಂಗಿ ವಾಡೆಯಿಂದ ಹೈಸ್ಕೂಲಿನ ಬಾಗಿಲಿಗೆ

ಸಿರಸಂಗಿ ಎಂದರೆ ಮೊದಲು ನೆನಪಾಗುವುದು ಕಾಳಮ್ಮ. ಯುಗಾದಿ ಜಾತ್ರೆಗೆ ನಾಡಿನ ಮೂಲೆಮೂಲೆಯಿಂದ ವಿಶ್ವಕರ್ಮರು ಬರುತ್ತಾರೆ. ರೈತರು ಹೊಸ ಗೋಧಿಯನ್ನು ದೇವಿಗೆ ಒಪ್ಪಿಸುತ್ತಾರೆ. ಸವದತ್ತಿ ತಾಲ್ಲೂಕಿನ ಈ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಬೆಳಗಾವಿ, ಧಾರವಾಡದ ಕಡೆ ಸಾಲಿ ಕಲಿತ ಎಷ್ಟೋ ಮನೆತನಗಳ ಋಣ ಇಲ್ಲಿನ ದೇಸಾಯರ ವಾಡೆಗೆ ಸಲ್ಲಬೇಕು.

ತ್ಯಾಗವೀರ ಲಿಂಗರಾಜ ದೇಸಾಯರು ಹುಟ್ಟಿದ್ದು 1861ರ ಜನವರಿ 10ರಂದು, ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ. ದತ್ತು ಮಗನಾಗಿ ಸಿರಸಂಗಿಗೆ ಬಂದರು. ಸಿರಸಂಗಿ, ನವಲಗುಂದದ ದೊಡ್ಡ ಆಸ್ತಿ ಕೈಗೆ ಬಂತು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಎರಡು ವರ್ಷ ಕಳೆದು, 1906ರ ಆಗಸ್ಟ್ 23ರಂದು ತೀರಿಕೊಂಡಾಗ ಅವರಿಗಿನ್ನೂ 45 ವರ್ಷ. ಅಷ್ಟರಲ್ಲಿ ಮೃತ್ಯುಪತ್ರ ಬರೆದು, ಇಡೀ ಆಸ್ತಿಯನ್ನು ಸಮಾಜದ ಹುಡುಗರ ವಿದ್ಯೆಗೆ ಬಿಟ್ಟುಕೊಟ್ಟಿದ್ದರು.

ಗುಡಿ ಕಟ್ಟಿಸಿದ ದೇಸಾಯರನ್ನು, ಛತ್ರ ಕಟ್ಟಿಸಿದ ದೇಸಾಯರನ್ನು ಈ ಸೀಮೆ ಕಂಡಿತ್ತು. ವಿದ್ಯೆಗೇ ಏಕೆ ಎಂಬುದು ತಿಳಿಯಬೇಕಾದರೆ ಆಗಿನ ಕಲಿಕೆಯ ದಾರಿ ನೋಡಬೇಕು. ಮುಂಬೈ ಪ್ರಾಂತ್ಯದ ಹಳ್ಳಿಯ ಹುಡುಗ ಕನ್ನಡ ಸಾಲಿ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರನೋ ತಲಾಠಿಯೋ ಆಗಬಹುದಿತ್ತು. ಅದಕ್ಕೂ ಮೇಲೆ ಹೋಗಬೇಕಾದರೆ ಇಂಗ್ಲಿಷ್ ಕಲಿಯಬೇಕು, ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ ದಾಟಬೇಕು. ಹೈಸ್ಕೂಲು ಇದ್ದದ್ದು ಧಾರವಾಡ, ಬೆಳಗಾವಿಯಂಥ ಪಟ್ಟಣಗಳಲ್ಲಿ. ಅಲ್ಲಿ ಖೋಲಿ ಬಾಡಿಗೆ, ಊಟ, ಫೀ, ಪುಸ್ತಕ. ಊರಲ್ಲಿ ಹೊಲಕ್ಕೆ ಒಂದು ಆಳು ಕಡಿಮೆ. ಎರಿ ಹೊಲದಲ್ಲಿ ಮಳೆ ನೆಚ್ಚಿ ಜೋಳ, ಹತ್ತಿ ಬೆಳೆಯುವವನಿಗೆ ಈ ಖರ್ಚು ಎಟುಕುವಂಥದ್ದಲ್ಲ. ಬುದ್ಧಿಯಿದ್ದ ಹುಡುಗರು ಮುಲ್ಕಿಗೇ ನಿಂತುಬಿಡುತ್ತಿದ್ದರು. ಆ ನಿಂತ ಜಾಗದಿಂದ ಮುಂದಕ್ಕೆ ದಾಟಿಸಲು ಬೇಕಿದ್ದದ್ದು ಹಣ. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು 1883ರಲ್ಲೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಗೆ ನಿಧಿ ಕೂಡಿಸತೊಡಗಿದ್ದರು. ಲಿಂಗರಾಜರು ತಮ್ಮ ಸರ್ವಸ್ವವನ್ನೂ ಅದೇ ದಾರಿಗೆ ಸುರಿದರು. ಆ ನೆರವು ಒಂದು ಸಮಾಜದ ಹುಡುಗರಿಗೆ ಮೀಸಲಾಗಿತ್ತು ಎಂಬ ಮಾತು ನಿಜ. ಪ್ರತಿ ಸಮಾಜವೂ ತನ್ನವರನ್ನು ಮೊದಲು ಮೇಲೆತ್ತಲು ಹೆಣಗುತ್ತಿದ್ದ ಕಾಲ ಅದು. ಆದರೆ ಹಾಗೆ ಹುಟ್ಟಿದ ಸಂಸ್ಥೆಗಳ ತರಗತಿಗಳಲ್ಲಿ ಮುಂದೆ ಎಲ್ಲರ ಮಕ್ಕಳೂ ಕೂತರು ಎಂಬುದೂ ಅಷ್ಟೇ ನಿಜ.

1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಒಂದು ಆಂಗ್ಲೋ ವರ್ನಾಕ್ಯುಲರ್ ಸಾಲಿ ತೆರೆದರು. ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು ಹಾಗೆ. ಆ ಸಾಲಿಯೇ ಮುಂದೆ ಗಿಲಗಂಚಿ ಅರಟಾಳ ಹೈಸ್ಕೂಲು, ಜನರ ಬಾಯಲ್ಲಿ ಜಿ.ಎ. ಹೈಸ್ಕೂಲು. ಏಳು ಜನರಲ್ಲಿ ಶಿ.ಶಿ. ಬಸವನಾಳರು ವಚನಗಳನ್ನು ಶೋಧಿಸಿ ಸಂಪಾದಿಸಿದವರು, ಎಂ.ಆರ್. ಸಾಖರೆಯವರು ಸಂಸ್ಕೃತದಲ್ಲಿ ಪಂಡಿತರು. ಹೈಸ್ಕೂಲು ಮಾಸ್ತರರು ಸ್ವತಃ ಓದುತ್ತ, ಬರೆಯುತ್ತ, ಸಂಶೋಧನೆ ಮಾಡುತ್ತ ಪಾಠ ಹೇಳುತ್ತಿದ್ದರೆ ತರಗತಿಯ ಗಾಳಿಯೇ ಬೇರೆ. ಆ ಪರಂಪರೆ ನಮ್ಮ ಸಾಲಿಗಳಲ್ಲಿ ತೆಳುವಾಗಿದೆ; ಅದು ನನಗೆ ಬಹಳ ನೋವಿನ ಸಂಗತಿ. ಇದೇ ಸಂಸ್ಥೆ 1933ರಲ್ಲಿ ಕಾಲೇಜು ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು ಲಿಂಗರಾಜ ಕಾಲೇಜು.

ಇಂದು ಹೈಸ್ಕೂಲು ಹಳ್ಳಿಯ ಹತ್ತಿರಕ್ಕೇ ಬಂದಿದೆ. ಎಂಟರಿಂದ ಹತ್ತನೆಯ ತರಗತಿ, ಬೆಳಗಿನ ಪ್ರಾರ್ಥನೆ, ಮಧ್ಯಾಹ್ನದ ಬಿಸಿಯೂಟ, ಕೊನೆಗೆ 625 ಅಂಕಗಳ ಎಸ್ಸೆಸ್ಸೆಲ್ಸಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಫೇಲಾದವರಿಗೆ ವರ್ಷ ಹಾಳಾಗದಿರಲೆಂದು 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಖೋಲಿ ಬಾಡಿಗೆಯ ಚಿಂತೆ ಈಗಿಲ್ಲ. ಅಡ್ಡಿಗಳ ರೂಪ ಬದಲಾಗಿದೆ. ಏಳು ವರ್ಷ ಕನ್ನಡದಲ್ಲಿ ಕಲಿತ ಮಗುವಿಗೆ ಇಂಗ್ಲಿಷ್ ವ್ಯಾಕರಣ ಮತ್ತು ಬೀಜಗಣಿತ ಒಮ್ಮೆಗೇ ಮೈಮೇಲೆ ಬರುತ್ತವೆ. ಸುಗ್ಗಿಯ ದಿನಗಳಲ್ಲಿ ಹಾಜರಿ ತೆಳ್ಳಗಾಗುತ್ತದೆ. ಹತ್ತನೆಯ ತರಗತಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸವೇ ಪಾಠವನ್ನು ನುಂಗಿಬಿಡುತ್ತದೆ. ಪಾಸಾಗುವುದು ಬೇಕು, ಒಪ್ಪುತ್ತೇನೆ. ಆದರೆ ಲಿಟ್ಮಸ್ ಕಾಗದ ಕೆಂಪಾಗುವುದನ್ನು ಕಣ್ಣಾರೆ ನೋಡದ ಹುಡುಗಿಗೆ ಆಮ್ಲದ ಲಕ್ಷಣ ಬಾಯಿಪಾಠವಾದರೆ ಅದು ವಿಜ್ಞಾನ ಕಲಿತಂತಲ್ಲ. ಬೀಗ ಹಾಕಿದ ಕಪಾಟಿನೊಳಗೆ ಪುಸ್ತಕಗಳಿದ್ದರೆ ಅದು ಗ್ರಂಥಾಲಯವೂ ಅಲ್ಲ.

ಒಂದು ಹೈಸ್ಕೂಲಿನ ಪ್ರಯೋಗಶಾಲೆಗೆ ಬೇಕಾದ ಗಾಜಿನ ಸಾಮಾನು, ರಾಸಾಯನಿಕಗಳಿಗೆ ದೇಸಗತಿಯ ಆಸ್ತಿಯೇನೂ ಬೇಕಿಲ್ಲ. ಹಳೆಯ ವಿದ್ಯಾರ್ಥಿಗಳು ನಾಲ್ಕಾರು ಜನ ಕೂಡಿದರೆ ಸಾಕು. ಮುಂದಿನ ಯುಗಾದಿಗೆ ಕಾಳಮ್ಮನ ದರ್ಶನಕ್ಕೆ ಹೋಗುವವರು ಲಿಂಗರಾಜರ ವಾಡೆಯನ್ನೂ ನೋಡಿಬನ್ನಿ. ಊರಿಗೆ ಮರಳಿದ ಮೇಲೆ ನೀವು ಕಲಿತ ಹೈಸ್ಕೂಲಿಗೆ ಹೋಗಿ, ಅಲ್ಲಿನ ಹೆಡ್‌ಮಾಸ್ತರರನ್ನು ಕಂಡು, ಮಕ್ಕಳಿಗೆ ಏನು ಬೇಕೆಂದು ಕೇಳಿ.