ಮಗು ಮಲವನ್ನು ತಡೆಹಿಡಿಯುವುದೇಕೆ?

"ಮೂರು ತಿಂಗಳಿಂದ ಇವನ ಹೊಟ್ಟೆ ಸರಿಯಿಲ್ಲ ಡಾಕ್ಟ್ರೇ. ಒಮ್ಮೊಮ್ಮೆ ನಾಲ್ಕು ದಿನ ಹೋಗುವುದೇ ಇಲ್ಲ. ಒಮ್ಮೊಮ್ಮೆ ದಿನವಿಡೀ ಚಡ್ಡಿಯಲ್ಲಿ ನೀರು ನೀರಾಗಿ ಹೋಗುತ್ತಿರುತ್ತದೆ." ಒಂದೂವರೆಯಿಂದ ಮೂರು ವರ್ಷದ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರಿಂದ ನಾನು ಪದೇಪದೇ ಕೇಳುವ ದೂರು ಇದು. ಅವರ ಕೈಚೀಲದಲ್ಲಿ ಸಾಮಾನ್ಯವಾಗಿ ಗ್ರೈಪ್ ವಾಟರ್, ಹುಳದ ಮದ್ದು ಮತ್ತು ಭೇದಿ ನಿಲ್ಲಿಸುವ ಸಿರಪ್ ಇರುತ್ತವೆ. ಒಬ್ಬರು ಹಲ್ಲು ಬರುತ್ತಿರುವುದರಿಂದ ಹೀಗೆ ಎಂದಿರುತ್ತಾರೆ, ಇನ್ನೊಬ್ಬರು ದೃಷ್ಟಿ ತಾಗಿದೆ ಎಂದಿರುತ್ತಾರೆ. ಮತ್ತೊಬ್ಬರು ತಾಯಿಯ ಅಡುಗೆಯ ಮೇಲೆಯೇ ತಪ್ಪು ಹೊರಿಸಿರುತ್ತಾರೆ.

ಮಲಬದ್ಧತೆ ಮತ್ತು ಭೇದಿ ಒಂದೇ ಮಗುವಿನಲ್ಲಿ ಹೀಗೆ ಸರದಿಯಂತೆ ಕಾಣಿಸಿಕೊಂಡರೆ ಅವು ಎರಡು ಕಾಯಿಲೆಗಳೆಂದು ಭಾವಿಸಬೇಡಿ. ಹೆಚ್ಚಿನ ಮಕ್ಕಳಲ್ಲಿ ಕಾಯಿಲೆ ಒಂದೇ. ಗಟ್ಟಿ ಮಲ ಗುದದ್ವಾರದ ಮೇಲ್ಭಾಗದಲ್ಲಿ ಉಂಡೆ ಕಟ್ಟಿ ಕೂತಿದೆ, ಅದರ ಬದಿಯಿಂದ ತೆಳುವಾದ ಮಲ ಸೋರುತ್ತಿದೆ. ಸೋರುವುದು ಮಗುವಿಗೆ ಗೊತ್ತೂ ಆಗುವುದಿಲ್ಲ. ಇದನ್ನು ಭೇದಿಯೆಂದು ತಿಳಿದು ಅದನ್ನು ನಿಲ್ಲಿಸುವ ಔಷಧಿ ಕೊಟ್ಟರೆ ಒಳಗಿನ ಉಂಡೆ ಇನ್ನಷ್ಟು ಗಟ್ಟಿಯಾಗುತ್ತದೆ.

ಆರಂಭ ಎಲ್ಲಿ?

ಒಂದೇ ಒಂದು ನೋವಿನ ದಿನ ಸಾಕು. ಜ್ವರ ಬಂದು ಮಗು ಸರಿಯಾಗಿ ನೀರು ಕುಡಿದಿರುವುದಿಲ್ಲ, ಅಥವಾ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ಊಟದ ಹೊತ್ತು ತಪ್ಪಿರುತ್ತದೆ. ಮಲ ಗಟ್ಟಿಯಾಗಿ ಹೊರಬರುವಾಗ ಗುದದ ಅಂಚು ಸಣ್ಣದಾಗಿ ಸೀಳುತ್ತದೆ. ದೊಡ್ಡವರಾದರೆ ಮರುದಿನ ಹೇಗೋ ನಿಭಾಯಿಸುತ್ತಾರೆ. ಎರಡು ವರ್ಷದ ಮಗು ಮಾತ್ರ ತನ್ನದೇ ತೀರ್ಮಾನಕ್ಕೆ ಬರುತ್ತದೆ: ಇನ್ನು ಹೋಗಲೇಬಾರದು.

ಆಮೇಲೆ ನೀವು ನೋಡುವ ದೃಶ್ಯ ಹೀಗಿರುತ್ತದೆ. ಮಗು ಆಟ ಬಿಟ್ಟು ಬಾಗಿಲ ಹಿಂದೆಯೋ ಪರದೆಯ ಮರೆಗೋ ಹೋಗುತ್ತದೆ. ತುದಿಗಾಲಲ್ಲಿ ನಿಲ್ಲುತ್ತದೆ, ಕಾಲುಗಳನ್ನು ಒಂದಕ್ಕೊಂದು ಒತ್ತಿ ಬಿಗಿಯುತ್ತದೆ, ಮುಖ ಕೆಂಪಾಗುತ್ತದೆ. "ಪಾಪ, ಎಷ್ಟು ಮುಕ್ಕುತ್ತಿದೆ, ಬರುತ್ತಿಲ್ಲ" ಎಂದು ಮನೆಯವರು ಮರುಗುತ್ತಾರೆ. ಮಗು ಮುಕ್ಕುತ್ತಿಲ್ಲ, ತನ್ನೆಲ್ಲ ಬಲ ಹಾಕಿ ತಡೆಹಿಡಿಯುತ್ತಿದೆ. ಈ ವ್ಯತ್ಯಾಸ ತಿಳಿದ ತಾಯಿ ಚಿಕಿತ್ಸೆಯ ಅರ್ಧ ದಾರಿ ಕ್ರಮಿಸಿದಂತೆ.

ತಡೆದಿಟ್ಟ ಮಲದಿಂದ ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುತ್ತದೆ. ಮಲ ಮತ್ತಷ್ಟು ಗಟ್ಟಿಯಾಗಿ ದಪ್ಪವಾಗುತ್ತದೆ. ಮುಂದಿನ ಸಲ ನೋವು ಹೆಚ್ಚು, ಭಯವೂ ಹೆಚ್ಚು. ವಾರಗಳು ಕಳೆದಂತೆ ಗುದನಾಳ ಹಿಗ್ಗಿ, ಹೋಗಬೇಕೆಂಬ ಸೂಚನೆಯೇ ಮಂಕಾಗುತ್ತದೆ. ಹಸಿವು ಕಡಿಮೆಯಾಗುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಕೆಲವು ಮಕ್ಕಳಿಗೆ ಪದೇಪದೇ ಮೂತ್ರದ ಸೋಂಕೂ ತಗಲುತ್ತದೆ.

ಯೂನಾನಿ ವೈದ್ಯಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯ್ಯ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಯದು ದೇಹ ಹೊರಹಾಕುವುದು ಮತ್ತು ಉಳಿಸಿಕೊಳ್ಳುವುದು. ಮಗುವಿಗೆ ಮಲಬದ್ಧತೆ ಎಂದ ಕೂಡಲೇ ನಾವೆಲ್ಲ ಅನ್ನಪಾನದ ಹಿಂದೆ ಬೀಳುತ್ತೇವೆ. ಈ ಮಕ್ಕಳಲ್ಲಿ ಕೆಟ್ಟಿರುವುದು ಅದೊಂದೇ ಅಲ್ಲ. ಮನಸ್ಸಿನಲ್ಲಿ ಭಯ ಕೂತಿದೆ. ಅದು ಇಳಿಯದಿದ್ದರೆ ಎಷ್ಟು ಪಪ್ಪಾಯಿ ತಿನ್ನಿಸಿದರೂ ಮಗು ಬಾಗಿಲ ಹಿಂದೆಯೇ ನಿಲ್ಲುತ್ತದೆ.

ಹಾಗಾಗಿ ಸಾಬೂನಿನ ಚೂರು ಅಥವಾ ಎಣ್ಣೆ ಸವರಿದ ವೀಳ್ಯದೆಲೆಯ ತೊಟ್ಟನ್ನು ಗುದದೊಳಗೆ ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಹೊತ್ತಿಗೆ ಮಲ ಹೊರಬರಬಹುದು. ಆದರೆ ಸಾಬೂನು ಒಳಪದರವನ್ನು ಉರಿಸುತ್ತದೆ. ಇಬ್ಬರು ಹಿಡಿದುಕೊಂಡು, ಒಬ್ಬರು ತೊಟ್ಟು ಹಾಕಿದ ನೆನಪು ಮಗುವಿನಲ್ಲಿ ಉಳಿಯುತ್ತದೆ. ಅಳುವ ಮಗುವಿನ ಮೂಗು ಹಿಡಿದು ಹರಳೆಣ್ಣೆ ಕುಡಿಸುವುದು ಅದಕ್ಕಿಂತಲೂ ಅಪಾಯ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಸನಾ ಸೊಪ್ಪಿಗೆ ನಮ್ಮ ಮನೆಗಳಲ್ಲಿ ವಿಶೇಷ ಗೌರವವಿದೆ, ಅದು ಒಳ್ಳೆಯ ಔಷಧಿಯೂ ಹೌದು. ಆದರೆ ಅದು ಕರುಳನ್ನು ಹಿಂಡಿ ಕೆಲಸ ಮಾಡುವ ಔಷಧಿ. ಅಂದಾಜಿನ ಮೇಲೆ ಕಷಾಯ ಮಾಡಿ ಪುಟ್ಟ ಮಗುವಿಗೆ ಕುಡಿಸುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು?

ಒಳಗೆ ಉಂಡೆ ಕಟ್ಟಿದ್ದರೆ ಮೊದಲು ಅದನ್ನು ಖಾಲಿ ಮಾಡಬೇಕು. ಇದು ಮಕ್ಕಳ ತಜ್ಞರ ಕೆಲಸ. ಯೂನಾನಿ ವೈದ್ಯನಾಗಿ ನಾನು ಇಂಥ ಮಕ್ಕಳನ್ನು ಅವರ ಬಳಿಗೇ ಕಳಿಸುತ್ತೇನೆ, ಅದರಲ್ಲಿ ಸಂಕೋಚವಿಲ್ಲ. ಅವರು ಬರೆಯುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆದುವಾಗಿಸುತ್ತವೆ. "ಅಭ್ಯಾಸವಾಗಿಬಿಡುತ್ತದೆ" ಎಂಬ ಹೆದರಿಕೆಯಿಂದ ವಾರದೊಳಗೆ ಔಷಧಿ ನಿಲ್ಲಿಸುವ ಮನೆಗಳೇ ಹೆಚ್ಚು. ಅಂಥ ಮಕ್ಕಳು ಮುಂದಿನ ತಿಂಗಳು ಅದೇ ದೂರಿನೊಂದಿಗೆ ಮರಳುತ್ತಾರೆ. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರಲು, ಮಗು ನೋವನ್ನು ಮರೆಯಲು ಸಮಯ ಬೇಕು. ಕನಿಷ್ಠ 2 ತಿಂಗಳು ಔಷಧಿ ನಡೆಯಬೇಕು. ತೊಂದರೆ ಪೂರ್ತಿ ನಿಂತು ಒಂದು ತಿಂಗಳಾದ ಮೇಲೆ, ವೈದ್ಯರು ಹೇಳಿದಂತೆ ಮೆಲ್ಲಗೆ ಕಡಿಮೆ ಮಾಡಬೇಕು. ಕೆಲವು ಮಕ್ಕಳಿಗೆ ಆರು ತಿಂಗಳೂ ಬೇಕಾಗುತ್ತದೆ.

ಇನ್ನು ಹಾಲಿನ ವಿಷಯ. ಎರಡು ವರ್ಷ ತುಂಬಿದಾಗ ಎದೆಹಾಲು ಬಿಡಿಸುವುದು ನಮ್ಮಲ್ಲಿ ವಾಡಿಕೆ. ಬಿಡಿಸಿದ ಜಾಗಕ್ಕೆ ಬಾಟಲಿ ಬರುತ್ತದೆ. ಅಳು ನಿಲ್ಲಿಸಲು ಹಗಲಲ್ಲಿ ಮೂರು ಬಾಟಲಿ, ಮಲಗಿಸಲು ಒಂದು, ನಡುರಾತ್ರಿ ಎದ್ದರೆ ಮತ್ತೊಂದು. ಹೊಟ್ಟೆ ಹಾಲಿನಿಂದಲೇ ತುಂಬಿದ ಮಗು ಅನ್ನ, ತರಕಾರಿ ಮುಟ್ಟುವುದಿಲ್ಲ. "ಏನೂ ತಿನ್ನುವುದಿಲ್ಲ, ಹಾಲಾದರೂ ಕುಡಿಯಲಿ" ಎಂದು ಇನ್ನಷ್ಟು ಹಾಲು ಕೊಡುತ್ತೇವೆ. ಮಲ ಗಟ್ಟಿಯಾಗುವುದರ ಜೊತೆಗೆ ಕಬ್ಬಿಣದ ಅಂಶ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ. ಈ ವಯಸ್ಸಿಗೆ ದಿನಕ್ಕೆ 400 ಮಿಲಿ ಲೀಟರ್, ಅಂದರೆ ಎರಡು ಲೋಟ ಹಾಲು ಸಾಕು. ಅದೂ ಊಟದ ನಂತರ, ಲೋಟದಲ್ಲೇ. ಇನ್ನೂ ಎದೆಹಾಲು ಕುಡಿಯುತ್ತಿರುವ ಮಗುವಿಗೆ ಈ ಕಾರಣಕ್ಕಾಗಿ ಅದನ್ನು ಬಿಡಿಸಬೇಕಾಗಿಲ್ಲ.

ಚಹಾದಲ್ಲಿ ಅದ್ದಿದ ರಸ್ಕ್, ಮೈದಾ ಬಿಸ್ಕತ್ತು, ಬೇಕರಿಯ ಬನ್ ನಮ್ಮ ಮಕ್ಕಳ ದಿನನಿತ್ಯದ ತಿಂಡಿಯಾಗಿಬಿಟ್ಟಿವೆ. ಅವುಗಳಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲು ಕುಚ್ಚಲಕ್ಕಿ ಗಂಜಿಗೆ ಬೇಯಿಸಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಬಸಳೆ ಅಥವಾ ಹರಿವೆ ಸೇರಿಸಿ. ಬಾರ್ಲಿಯ ತಲ್ಬೀನಾ ಮಾಡುವವರು ಅದನ್ನು ಕೊಡಬಹುದು. ಹಣ್ಣಾದ ಪಪ್ಪಾಯಿ ಒಳ್ಳೆಯದು. ಎರಡು ಅಂಜೂರ ಅಥವಾ ಏಳೆಂಟು ಒಣದ್ರಾಕ್ಷಿಗಳನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಅದೇ ನೀರಿನೊಂದಿಗೆ ಅರೆದು ಕೊಡಿ. ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಕ್ಕರೆಯಲ್ಲಿ ಮಾಡಿದ ಗುಲ್ಕಂದ್ ಅರ್ಧ ಚಮಚ ಮಲಗುವ ಮೊದಲು ಕೊಟ್ಟು, ಹಲ್ಲು ಒರೆಸಿ. ಜೇನಿನಲ್ಲಿ ತಯಾರಿಸಿದ ಗುಲ್ಕಂದೂ ಸಿಗುತ್ತದೆ, ಅದನ್ನು ಮನೆಯ ಚಿಕ್ಕ ಕೂಸಿಗೆ ನೆಕ್ಕಿಸಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ. ನೀರನ್ನು ಕೇಳಿದಾಗ ಮಾತ್ರವಲ್ಲ, ಆಟದ ನಡುವೆಯೂ ನೆನಪಿಸಿ ಕೊಡಿ.

ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಬೆಳಗಿನ ತಿಂಡಿ ಮುಗಿದು ಇಪ್ಪತ್ತು ನಿಮಿಷಕ್ಕೆ ಮಗುವನ್ನು ಪಾಟಿಯಲ್ಲಿ ಕೂರಿಸಿ. ಪಾದಗಳು ನೆಲಕ್ಕೋ ಮಣೆಗೋ ಊರಿರಲಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ. ದೊಡ್ಡವರ ಕಮೋಡಿನಲ್ಲಿ ಕಾಲು ಇಳಿಬಿಟ್ಟು ಕೂತ ಮಗುವಿಗೆ ಒತ್ತಲು ಆಧಾರವೇ ಇರುವುದಿಲ್ಲ. ಐದು ನಿಮಿಷ ಸಾಕು. ಬಂದರೂ ಬಾರದಿದ್ದರೂ ಕೂತದ್ದಕ್ಕೆ ಶಾಬಾಶ್ ಹೇಳಿ ಎಬ್ಬಿಸಿ. ರಮಝಾನಿನಲ್ಲಿ ಮನೆಯ ಗಡಿಯಾರವೇ ಬದಲಾಗುತ್ತದೆ, ಮಕ್ಕಳೂ ತಡರಾತ್ರಿವರೆಗೆ ಎದ್ದಿರುತ್ತಾರೆ. ದೊಡ್ಡವರು ಸಹರಿ ಮುಗಿಸಿ ಮಲಗಿದರೂ ಮಗುವಿನ ತಿಂಡಿಯ ಹೊತ್ತನ್ನು ಮಾತ್ರ ತಪ್ಪಿಸಬೇಡಿ. ಪಾಟಿ ಕಂಡರೇ ಅಳುವ ಮಗುವಾದರೆ ಕೆಲವು ವಾರ ತರಬೇತಿಯನ್ನೇ ನಿಲ್ಲಿಸಿ, ಡಯಾಪರಿನಲ್ಲೇ ಹೋಗಲಿ. ಮೊದಲು ನೋವಿಲ್ಲದೆ ಹೋಗುವುದು, ಎಲ್ಲಿ ಹೋಗಬೇಕೆಂಬುದು ಆಮೇಲೆ.

ಇದನ್ನು ಒಪ್ಪುವುದು ನಮ್ಮ ಮನೆಗಳಲ್ಲಿ ಕಷ್ಟ ಎಂದು ಬಲ್ಲೆ. ಮೂರು ವರ್ಷಕ್ಕೆ ನರ್ಸರಿಗೆ ಸೇರಿಸಬೇಕು. ನಮಾಝಿನ ಬಟ್ಟೆಗೆ, ಚಾಪೆಗೆ ಕೊಳೆ ತಾಗುತ್ತದೆ. ತಾಯಿ ದಿನಕ್ಕೆ ಐದಾರು ಸಲ ಚಡ್ಡಿ ತೊಳೆದು ಬಸವಳಿದಿರುತ್ತಾಳೆ. ಬೈಗುಳ ಬಾಯಿಗೆ ಬಂದೇ ಬಿಡುತ್ತದೆ. ಆದರೆ ಸೋರುವುದು ಮಗುವಿನ ಹತೋಟಿಯಲ್ಲಿಲ್ಲ. ಅಣ್ಣ ಅಕ್ಕಂದಿರ ಮುಂದೆ "ನಾಪಾಕ್" ಎಂದು ದೂರ ತಳ್ಳಿದರೆ ಮಗು ಮುಂದಿನ ಸಲ ಇನ್ನೂ ಗಟ್ಟಿಯಾಗಿ ತಡೆಯುತ್ತದೆ. ನಮಾಝಿಗೆ ಬೇರೆ ಬಟ್ಟೆ ತೆಗೆದಿಡಿ, ಚಾಪೆಯನ್ನು ಎತ್ತಿಡಿ, ತೊಳೆಯುವ ಕೆಲಸದಲ್ಲಿ ತಂದೆಯೂ ಪಾಲು ಪಡೆಯಲಿ. ಶುಚಿ ಮಾಡುವಾಗ ಉಗುರು ಬೆಚ್ಚಗಿನ ನೀರು ಬಳಸಿ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹೆಣ್ಣು ಮಕ್ಕಳಿಗೆ ಇದು ತೀರಾ ಮುಖ್ಯ. ಉಜ್ಜದೆ, ಮೆದು ಬಟ್ಟೆಯಿಂದ ಒತ್ತಿ ಒಣಗಿಸಿ. ಸೀಳಿದ ಜಾಗಕ್ಕೆ ಸಾಬೂನು, ಡೆಟ್ಟಾಲ್ ಬೇಡ.

ಎಲ್ಲ ಮಲಬದ್ಧತೆಯೂ ಭಯದಿಂದ ಬರುವುದಲ್ಲ. ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ಮೊದಲ ತಿಂಗಳಿನಿಂದಲೇ ತೊಂದರೆಯಿರುವ ಮಗು, ತೂಕ ಏರದ ಮಗು, ಕಾಲುಗಳಲ್ಲಿ ಬಲವಿಲ್ಲದ ಮಗು ಇವರನ್ನು ತಡಮಾಡದೆ ಮಕ್ಕಳ ತಜ್ಞರಿಗೆ ತೋರಿಸಿ. ಕರುಳಿನ ನರಗಳ ಹುಟ್ಟು ದೋಷವೋ ಥೈರಾಯ್ಡ್ ಕೊರತೆಯೋ ಇರಬಹುದು. ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿದರೆ, ಮಲದಲ್ಲಿ ರಕ್ತ ಬೆರೆತು ಬಂದರೆ ಅಥವಾ ಜ್ವರದೊಂದಿಗೆ ಮಗು ಮಂಕಾದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಹೋಗುವಾಗ ಈವರೆಗೆ ಕೊಟ್ಟ ಎಲ್ಲ ಮದ್ದುಗಳ ಬಾಟಲಿಗಳನ್ನೂ, ಮನೆಮದ್ದಿನ ಹೆಸರನ್ನೂ ಜೊತೆಗೆ ಒಯ್ಯಿರಿ.