ಸಾಹೇಬರ ಸೀಟು, ನನ್ನ ಕಾಫಿ

ಅಪ್ಪ ಕಾರು ಓಡಿಸುತ್ತಾರೆ. ಕಾರು ನಮ್ಮದಲ್ಲ, ಸಾಹೇಬರದು. ಹೊಸ ಕಾರು ಬಂದ ದಿನ ಮನೆಗೆ ಬಂದವರೇ, ‘ಸೀಟು ಮುಟ್ಟಿದ್ರೆ ಜಿಂಕೆ ಚರ್ಮ ಮುಟ್ಟಿದಂಗೆ ಆಗುತ್ತೆ ಕಣೋ’ ಅಂದಿದ್ದರು.

ಕಳೆದ ತಿಂಗಳ ಒಂದು ಭಾನುವಾರ. ಸಾಹೇಬರು ಊರಲ್ಲಿರಲಿಲ್ಲ. ಅಪ್ಪ ಕಾರನ್ನು ತೊಳೆಯಲು ಮನೆ ಮುಂದೆ ನಿಲ್ಲಿಸಿದ್ದರು. ಅವರು ಟೈರ್ ಉಜ್ಜುತ್ತಿದ್ದರೆ, ‘ಸಹಾಯ’ ಮಾಡಲು ಬಂದ ನಾನು ಕಾಫಿ ಲೋಟದ ಸಮೇತ ಮುಂದಿನ ಸೀಟಿನಲ್ಲಿ ಕೂತೆ. ಜೇಬಿನಲ್ಲಿದ್ದ ಮೊಬೈಲ್ ರಿಂಗಾಯಿತು. ಮುಂದೇನಾಯಿತು ಅಂತ ಹೇಳಬೇಕಿಲ್ಲ.

ಗಾಬರಿಯಲ್ಲಿ ಸೋಪಿನ ಪುಡಿ, ಬಿಸಿನೀರು, ಬಟ್ಟೆ ಒಗೆಯುವ ಬ್ರಷ್ಷು ತಂದು ತಿಕ್ಕಿದೆ. ಅಂಗೈಯಗಲ ಇದ್ದ ಕಲೆ ತಟ್ಟೆಯಗಲ ಆಯಿತು. ಸುತ್ತ ಕಂದು ಗೆರೆ ಬೇರೆ. ಮೃದುವಾಗಿದ್ದ ನವಿರೆಲ್ಲ ಗಂಟುಕಟ್ಟಿ ಒರಟಾಯಿತು. ಅಪ್ಪ ಬಂದು ನೋಡಿದರು. ‘ನಾಳೆ ಸಂಜೆ ಸಾಹೇಬ್ರನ್ನ ಏರ್‌ಪೋರ್ಟಿಂದ ಕರ್ಕೊಂಡು ಬರ್ಬೇಕು’ ಅಂದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಆ ಸೀಟಿನ ಹೊದಿಕೆ ಬದಲಿಸಬೇಕಾಗಿ ಬಂದರೆ ಅಪ್ಪನ ಎಷ್ಟು ತಿಂಗಳ ಸಂಬಳ ಹೋಗುತ್ತದೋ ಎಂದು ಲೆಕ್ಕ ಹಾಕುವ ಧೈರ್ಯ ಬರಲಿಲ್ಲ.

ಮೆಕ್ಯಾನಿಕಲ್ ಓದುವ ನಾನು ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಿದ್ದ ಕೆಲಸ: ಅದು ಯಾವ ವಸ್ತು ಅಂತ ಓದಿದ್ದು. ಅದು ಜಿಂಕೆಯದೂ ಅಲ್ಲ, ಚರ್ಮವೂ ಅಲ್ಲ. ಸಿಂಥೆಟಿಕ್ ಸ್ವೇಡ್. ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ 1970ರಲ್ಲಿ ಕಂಡುಹಿಡಿದದ್ದು. ಇದೇ ತಂತ್ರಜ್ಞಾನದಿಂದ ಇಟಲಿಯಲ್ಲಿ ತಯಾರಾಗುವ ಅಲ್ಕಾಂತಾರದಲ್ಲಿ ಸುಮಾರು ಶೇ 68ರಷ್ಟು ಪಾಲಿಯೆಸ್ಟರ್, ಶೇ 32ರಷ್ಟು ಪಾಲಿಯುರೆಥೇನ್ ಇರುತ್ತದೆ. ತಲೆಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳನ್ನು ಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯಂತೆ ಹೆಣೆದು, ಪಾಲಿಯುರೆಥೇನ್ ಕುಡಿಸಿ, ಮೇಲ್ಮೈಯನ್ನು ಉಜ್ಜಿ ನವಿರು ಎಬ್ಬಿಸುತ್ತಾರೆ. ನಾನು ಬ್ರಷ್ಷಿನಲ್ಲಿ ಗಂಟು ಹಾಕಿದ್ದು ಆ ಎಳೆಗಳನ್ನೇ.

ಕಂದು ಗೆರೆಯ ಗುಟ್ಟೂ ತಿಳಿಯಿತು. ಟೇಬಲ್ ಮೇಲೆ ಬಿದ್ದ ಕಾಫಿ ಹನಿ ಒಣಗಿದಾಗ ಅಂಚು ಮಾತ್ರ ಕಪ್ಪಾಗುತ್ತದಲ್ಲ, ಹಾಗೇ. ನೀರು ಆರುತ್ತಾ ಕೊಳೆಯನ್ನು ಅಂಚಿಗೆ ಸಾಗಿಸುತ್ತದೆ. ಆದ್ದರಿಂದ ಕಲೆಯಷ್ಟನ್ನೇ ಒದ್ದೆ ಮಾಡಿ ಬಿಡಬಾರದು. ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಭಾಗವನ್ನು ಒಂದೇ ಸಮನಾಗಿ ಒರೆಸಬೇಕು.

ಮಧ್ಯಾಹ್ನ ಅಮ್ಮನ ಹಳೆಯ ಬಿಳಿ ಹತ್ತಿ ಬಟ್ಟೆ ಹಿಡಿದು ಮತ್ತೆ ಕೂತೆ. ಬಣ್ಣದ ಬಟ್ಟೆ, ಅಚ್ಚಾದ ಕಾಗದ ಬೇಡ. ಬಣ್ಣ ಬಿಟ್ಟರೆ ಇನ್ನೊಂದು ಕಲೆ. ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಸೋಪು ಹೋಗುವವರೆಗೆ ಒತ್ತಿ ಒತ್ತಿ ತೆಗೆದೆ. ತಿಕ್ಕುವ ಹಾಗಿಲ್ಲ, ಒತ್ತುವುದಷ್ಟೇ. ಅದೂ ಹೊರಗಿನಿಂದ ಒಳಕ್ಕೆ. ಕಾಫಿ ಕಲೆಗೆ ನಿಂಬೆರಸ ತಾಗಿಸಿ, ಮತ್ತೆ ನೀರು ಬಟ್ಟೆಯಿಂದ ತೆಗೆದೆ. ಬಟ್ಟೆಯನ್ನು ಪ್ರತಿ ಸಲವೂ ತೊಳೆದು ಹಿಂಡಬೇಕು. ನೀರು ಹೆಚ್ಚಾದರೆ ಒಳಗಿನ ಸ್ಪಂಜು ಕುಡಿದುಬಿಡುತ್ತದೆ, ಬೇಗ ಆರುವುದಿಲ್ಲ. ಕೊನೆಗೆ ಇಡೀ ಸೀಟು ಒರೆಸಿ, ಬಾಗಿಲು ತೆರೆದು ನೆರಳಲ್ಲಿ ಆರಲು ಬಿಟ್ಟೆ. ಆರಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಬಾಚಿದಾಗ ನವಿರು ಎದ್ದಿತು.

ಗೆರೆ ಹೋಗಿತ್ತು. ನಾನು ಬಲವಾಗಿ ತಿಕ್ಕಿದ್ದ ಎರಡು ಬೆರಳಗಲ ಜಾಗ ಮಾತ್ರ ಒರಟಾಗಿಯೇ ಉಳಿಯಿತು. ಕಾಫಿಯ ಗುರುತು ಹೋದರೂ ನನ್ನ ಕೈಯ ಗುರುತು ಹೋಗಲಿಲ್ಲ.

ಅಂದೇ ಇನ್ನೊಂದು ವಿಷಯ ಗಮನಿಸಿದೆ. ಅಪ್ಪ ಕಾರಿನ ಎಲ್ಲಾ ಸೀಟುಗಳ ತಲೆ ಆನಿಸುವ ಜಾಗಕ್ಕೂ ಬಿಳಿ ಟವೆಲ್ ಹೊದಿಸುತ್ತಾರೆ. ‘ಇದೇನಪ್ಪ, ತಾಲ್ಲೂಕು ಆಫೀಸ್ ಜೀಪ್ ಥರ’ ಅಂತ ನಾನು ನಗುತ್ತಿದ್ದೆ. ಈ ಬಟ್ಟೆಗೆ ದೊಡ್ಡ ಶತ್ರು ಕಾಫಿಯಲ್ಲ. ದಿನವೂ ಸ್ವಲ್ಪಸ್ವಲ್ಪವಾಗಿ ಅಂಟುವ ಬೆವರು, ಕೊಬ್ಬರಿ ಎಣ್ಣೆ. ಎಣ್ಣೆಯಂಶ ಸೇರಿದರೆ ನವಿರು ಮಲಗಿ ಹೊಳೆಯತೊಡಗುತ್ತದೆ. ಟವೆಲ್ ಅದನ್ನು ತಡೆಯುತ್ತದೆ, ವಾರಕ್ಕೊಮ್ಮೆ ಒಗೆದರಾಯಿತು. ಅಪ್ಪ ಧೂಳನ್ನೂ ಒಣ ಬಟ್ಟೆಯಿಂದ ದಿನವೂ ತೆಗೆಯುತ್ತಾರೆ, ಕಾರನ್ನು ನೆರಳು ಹುಡುಕಿ ನಿಲ್ಲಿಸುತ್ತಾರೆ. ಚರ್ಮದ ಸೀಟಿಗೆ ಹಚ್ಚುವ ಪಾಲಿಶ್ ಇದಕ್ಕೆ ಹಚ್ಚುವುದಿಲ್ಲ. ನಾನು ಇಡೀ ಮಧ್ಯಾಹ್ನ ಓದಿ ತಿಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಅವರು ಮೊದಲಿಂದಲೂ ಮಾಡುತ್ತಿದ್ದರು.

ಸೋಮವಾರ ಸಂಜೆ ‘ಆ ಜಾಗದ ಮೇಲೆ ಟವೆಲ್ ಹಾಕ್ಬಿಡಪ್ಪ, ಕಾಣಲ್ಲ’ ಅಂದೆ. ಅಪ್ಪ ಕೇಳಲಿಲ್ಲ. ರಾತ್ರಿ ಅವರು ಬರುವವರೆಗೆ ನನಗೆ ಊಟ ಸೇರಲಿಲ್ಲ.

‘ಏನಂದ್ರು?’

‘ನಾನೇ ತೋರಿಸ್ದೆ. ಮಗ ಕಾಫಿ ಚೆಲ್ಲಿದ, ಅವನೇ ಕ್ಲೀನ್ ಮಾಡ್ದ ಅಂದೆ. ಮುಟ್ಟಿ ನೋಡಿದ್ರು. ಮಗ ಏನು ಓದ್ತಿದ್ದಾನೆ ಅಂದ್ರು. ಇಂಜಿನಿಯರಿಂಗ್ ಅಂದೆ.’

‘ಅದಕ್ಕೆ?’

‘ನಕ್ಕರು.’

ಈಗ ಪ್ರತಿ ಭಾನುವಾರ ಸಾಹೇಬರ ಕಾರಿನ ಸೀಟು ಒರೆಸುವ ಕೆಲಸ ನನ್ನದು. ಕಾಫಿ ಮಾತ್ರ ಜಗುಲಿಯಲ್ಲಿ.