ಸ್ವಂತ ಆಪ್ತಸಮಾಲೋಚನಾ ಕೇಂದ್ರ: ತೆರೆಯುವ ಮುನ್ನ, ತೆರೆದ ಮೇಲೆ

ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮಗಳು ಊರಿನಲ್ಲೇ ಆಪ್ತಸಮಾಲೋಚನಾ ಕೇಂದ್ರ ತೆರೆಯುತ್ತೇನೆ ಎಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ಇದರಿಂದ ಜೀವನ ಸಾಗುತ್ತದೆಯೇ? ಸಾಗುತ್ತದೆ, ಆದರೆ ನಿಧಾನವಾಗಿ. ಇದಕ್ಕೆ ಬೇಕಾದ ಸಾಮಾನು ಕಡಿಮೆ. ಮಾತು ಹೊರಗೆ ಕೇಳಿಸದ ಒಂದು ಕೊಠಡಿ, ನಾಲ್ಕು ಕುರ್ಚಿ, ಬೀಗವಿರುವ ಒಂದು ಕಪಾಟು ಸಾಕು. ಜನರ ವಿಶ್ವಾಸ ಗಳಿಸಲು ಮಾತ್ರ ವರ್ಷಗಳು ಹಿಡಿಯುತ್ತವೆ.

ಅರ್ಹತೆ

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸುವವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆರೋಗ್ಯ ಪೂರಕ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಆಪ್ತಸಮಾಲೋಚಕರೂ ಇದ್ದಾರೆ. ಕೇಂದ್ರ ತೆರೆಯುವ ಮುನ್ನ ತಮಗೆ ಯಾವ ನೋಂದಣಿ ಅನ್ವಯಿಸುತ್ತದೆ ಎಂದು ವಿಚಾರಿಸಿಕೊಳ್ಳಬೇಕು. ಫಲಕದಲ್ಲಿ ಪಡೆದ ಪದವಿಯನ್ನಷ್ಟೇ ಬರೆಯಬೇಕು. ಔಷಧ ಕೊಡುವುದು ಮನೋವೈದ್ಯರ ಕೆಲಸ ಎಂಬುದನ್ನು ಬಂದವರಿಗೂ ಮೊದಲೇ ತಿಳಿಸಬೇಕು.

ಹಣದ ಲೆಕ್ಕ

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ಉದಾಹರಣೆಗೆ, ಭೇಟಿಗೆ 800 ರೂಪಾಯಿಯಂತೆ ವಾರಕ್ಕೆ 10 ಭೇಟಿಗಳಾದರೆ ನಾಲ್ಕು ವಾರಕ್ಕೆ 32,000 ರೂಪಾಯಿ. ವಾರಕ್ಕೆ ಇಬ್ಬರು ತಪ್ಪಿಸಿದರೆ ಅದು 25,600ಕ್ಕೆ ಇಳಿಯುತ್ತದೆ. ಬಾಡಿಗೆ, ವಿದ್ಯುತ್ತು ಎಲ್ಲವೂ ಅದರಲ್ಲೇ ಆಗಬೇಕು. ಹೀಗಾಗಿ ಹಲವರು ಮೊದಲು ಶಾಲೆ, ಕಾಲೇಜು ಅಥವಾ ಆಸ್ಪತ್ರೆಯಲ್ಲಿ ಅರೆಕಾಲಿಕ ಕೆಲಸ ಇಟ್ಟುಕೊಂಡು, ಪರಿಚಿತ ವೈದ್ಯರ ಕ್ಲಿನಿಕ್ಕಿನಲ್ಲಿ ಸಂಜೆ ಮಾತ್ರ ಕೊಠಡಿ ಪಡೆದು ಆರಂಭಿಸುತ್ತಾರೆ.

ಶುಲ್ಕವನ್ನು ಮೊದಲ ದಿನವೇ ಹೇಳಬೇಕು. ‘ನಮ್ಮವರಲ್ಲವೇ’ ಎಂದು ಎಲ್ಲರಿಗೂ ಬಿಟ್ಟುಕೊಟ್ಟರೆ ಕೇಂದ್ರ ಉಳಿಯದು. ನಿಜವಾಗಿ ಕೊಡಲಾಗದವರಿಗೆ ವಾರದಲ್ಲಿ ಇಂತಿಷ್ಟು ಭೇಟಿ ಎಂದು ಮೊದಲೇ ತೆಗೆದಿಟ್ಟರೆ ಇಬ್ಬರಿಗೂ ಮುಜುಗರವಿಲ್ಲ.

ಗುಟ್ಟು ಕಾಯುವುದು

ಎಲ್ಲರೂ ಎಲ್ಲರಿಗೂ ಬಲ್ಲವರಾದ ಚಿಕ್ಕ ಸಮಾಜದಲ್ಲಿ ಇದೇ ಕಠಿಣ ಪರೀಕ್ಷೆ. ಶುಲ್ಕ ಕೊಟ್ಟ ಅತ್ತೆ ಫೋನ್ ಮಾಡಿ, ‘ನಮ್ಮ ಸೊಸೆ ಏನು ಹೇಳಿದಳಮ್ಮಾ?’ ಎಂದು ಕೇಳಬಹುದು. ‘ಅದನ್ನು ಅವರೇ ಹೇಳಬೇಕಮ್ಮಾ, ನಾನು ಹೇಳುವಂತಿಲ್ಲ’ ಎಂಬುದೇ ಉತ್ತರ. ಆ ದಿನ ಅತ್ತೆಗೆ ಬೇಸರವಾಗಬಹುದು. ಮುಂದೆ ತಮಗೇ ಕಷ್ಟ ಬಂದಾಗ ಅವರು ನೆನೆಯುವುದೂ ಇದೇ ಉತ್ತರವನ್ನು. ಬಸದಿಯಲ್ಲೋ ಮದುವೆಮನೆಯಲ್ಲೋ ಎದುರಾದರೆ, ಅವರಾಗಿ ಮಾತನಾಡಿಸುವವರೆಗೆ ಪರಿಚಯ ತೋರಿಸದಿರುವುದು ಒಳ್ಳೆಯದು. ಹತ್ತಿರದ ನೆಂಟರು ಬಂದರೆ ಬೇರೆ ಸಮಾಲೋಚಕರ ಬಳಿಗೆ ಕಳುಹಿಸಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ಪ್ರಾಣಾಪಾಯ, ಇತರರಿಗೆ ಹಾನಿಯ ಸಂಭವ, ನ್ಯಾಯಾಲಯದ ಆದೇಶದಂಥ ಸಂದರ್ಭಗಳಿಗೆ ವಿನಾಯಿತಿ ಇದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ ವಿವರಿಸಿ ಸಹಿ ಪಡೆದರೆ ಮುಂದೆ ಗೊಂದಲವಿರುವುದಿಲ್ಲ.

ಉಳಿಸಿಕೊಳ್ಳುವುದು

ದಿನವಿಡೀ ಬೇರೆಯವರ ದುಃಖ ಕೇಳುವವರಿಗೂ ಆಯಾಸವಾಗುತ್ತದೆ. ದಿನಕ್ಕೆ ಎಷ್ಟು ಭೇಟಿ ಎಂಬ ಮಿತಿ ಬೇಕು. ಹಿರಿಯ ಸಮಾಲೋಚಕರೊಬ್ಬರ ಬಳಿ, ಬಂದವರ ಹೆಸರು ಹೇಳದೆ, ಆಗಾಗ ತಮ್ಮ ಕೆಲಸವನ್ನು ಚರ್ಚಿಸಬೇಕು. ತಮ್ಮ ಕೈಮೀರಿದವರನ್ನು ತಡಮಾಡದೆ ಮನೋವೈದ್ಯರಲ್ಲಿಗೋ ಜಿಲ್ಲಾ ಆಸ್ಪತ್ರೆಗೋ ಕಳುಹಿಸಬೇಕು. ಕೇಂದ್ರ ಮುಚ್ಚಿರುವ ವೇಳೆಗಾಗಿ 14416 ಸಂಖ್ಯೆಯನ್ನು ಬಾಗಿಲಲ್ಲಿ ಬರೆದಿಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ, ಹಗಲಿರುಳೂ ಲಭ್ಯ.

ಮನೆಯವರ ನೆರವು ಹಣದಲ್ಲೇ ಇರಬೇಕಿಲ್ಲ. ಮಗಳು ಸಂಜೆ ಮನೆಗೆ ಬಂದಾಗ ‘ಇವತ್ತು ಯಾರ್ಯಾರು ಬಂದಿದ್ದರು?’ ಎಂದು ಕೇಳದಿದ್ದರೆ, ಅದೂ ದೊಡ್ಡ ನೆರವೇ.